ಹೋದದ್ದು ನೀರು, ಉಳಿದದ್ದು ಉಪ್ಪು

ಮನೆಯಲ್ಲಿ ಕಡಲ ಮೀನು ಸಾಕುವವರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟೇ: ತೊಟ್ಟಿಯ ನೀರು ಆವಿಯಾಗುವುದನ್ನು ಮುಚ್ಚಿ ತಡೆಯಲು ಹೋಗಬೇಡಿ, ಎಷ್ಟು ಹೋಯಿತೆಂದು ಅಳೆದು, ಅಷ್ಟನ್ನು ದಿನದಿನವೂ ಸಿಹಿನೀರಿನಿಂದಲೇ ತುಂಬಿ. ಜಗಳಕ್ಕೆ ಎಡೆಯಿಲ್ಲದ ಮಾತಿದು. ಆದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯಿಂದ ತಕರಾರು ಬಂದಿದೆ. ಕೆಲವರದು ತಮಾಷೆ, ಕೆಲವರದು ನಿಜವಾದ ಸಂಶಯ, ಇನ್ನು ಕೆಲವರದು ಯಾರೋ ಹೇಳಿಕೊಟ್ಟ ಗಿಳಿಪಾಠ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯ ಪಕ್ಕ, ಕಡಲ ಸದ್ದು ಕೇಳದಷ್ಟು ಒಳಗೆ, ಮಿಜಾರಿನಂಥ ಅಡಿಕೆ ತೋಟದ ಊರಿನಲ್ಲಿ ಸಮುದ್ರದ ಮೀನು ಸಾಕುವುದೇ ಅಧಿಕಪ್ರಸಂಗ ಎನ್ನುವವರೂ ಇದ್ದಾರೆ. ಅವರಿಗೆ ಇಲ್ಲಿ ಉತ್ತರವಿಲ್ಲ. ಉಳಿದವರಿಗೆ ಒಬ್ಬೊಬ್ಬರಾಗಿ ಹೇಳುತ್ತೇನೆ.

ಲೆಕ್ಕಕ್ಕೆ ಒಂದು ತೊಟ್ಟಿ ಬೇಕಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಎಂದಿಟ್ಟುಕೊಳ್ಳಿ. ಕಲ್ಲು, ಮರಳು ಬಿಟ್ಟು ಅದರಲ್ಲಿ 160 ಲೀಟರ್ ನೀರು. ಉಪ್ಪಿನಂಶ ಲೀಟರಿಗೆ 35 ಗ್ರಾಂ ಎಂದರೆ ಒಟ್ಟು ಉಪ್ಪು ಸುಮಾರು 5,600 ಗ್ರಾಂ. ದಿನಕ್ಕೆ 2 ಲೀಟರ್ ನೀರು ಆವಿಯಾಗುತ್ತದೆ.

ಮೊದಲನೆಯ ಆಕ್ಷೇಪ ಬಂಟ್ವಾಳದ ಹಿರಿಯರೊಬ್ಬರದು: ಕಡಲ ನೀರು ಖಾಲಿಯಾದರೆ ಕಡಲ ನೀರನ್ನೇ ತುಂಬಬೇಕಲ್ಲವೇ, ಸಿಹಿನೀರು ಸುರಿದರೆ ಉಪ್ಪು ತೆಳ್ಳಗಾಗುವುದಿಲ್ಲವೇ?

ಅವರು ಒಮ್ಮೆ ಗೋಕರ್ಣದ ಪಕ್ಕದ ಸಾಣಿಕಟ್ಟಾಕ್ಕೆ ಹೋಗಿ ಬರಬೇಕು. ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಅಲ್ಲಿ ಆಗರದ ಮಡಿಗಳಿಗೆ ಬಿಟ್ಟು ಬಿಸಿಲಿಗೆ ಒಡ್ಡುತ್ತಾರೆ. ನೀರು ಆಕಾಶಕ್ಕೆ ಹೋಗುತ್ತದೆ, ಉಪ್ಪು ಮಡಿಯಲ್ಲೇ ಕೂರುತ್ತದೆ. ಉಪ್ಪೂ ಆವಿಯೊಡನೆ ಹಾರಿಹೋಗುವಂತಿದ್ದರೆ ತಲೆಮಾರುಗಳಿಂದ ನಡೆದುಬಂದ ಆ ಕಸುಬೇ ಇರುತ್ತಿರಲಿಲ್ಲ. ನಮ್ಮ ಗಾಜಿನ ತೊಟ್ಟಿಯಲ್ಲಿ ನಡೆಯುವುದೂ ಅದೇ. ನಾವು ಉಪ್ಪು ಬೆಳೆಯಲು ಹೊರಟಿಲ್ಲ ಎಂಬುದೊಂದೇ ವ್ಯತ್ಯಾಸ. ಹಿರಿಯರು ಹೇಳಿದಂತೆ ದಿನಕ್ಕೆ 2 ಲೀಟರ್ ಉಪ್ಪುನೀರು ಸುರಿದರೆ ದಿನಕ್ಕೆ 70 ಗ್ರಾಂ ಉಪ್ಪು ಹೊಸದಾಗಿ ಸೇರುತ್ತದೆ. ತಿಂಗಳಿಗೆ 2,100 ಗ್ರಾಂ. ನೀರಿನ ಮಟ್ಟ ಗೆರೆಗೆ ಸರಿಯಾಗಿಯೇ ಇರುತ್ತದೆ, ನೋಡಿದವರಿಗೆ ಎಲ್ಲ ನೆಟ್ಟಗೆ ಕಾಣುತ್ತದೆ. ಆದರೆ ಉಪ್ಪಿನಂಶ ಲೀಟರಿಗೆ 35 ಗ್ರಾಂನಿಂದ 48ಕ್ಕೆ ಏರಿರುತ್ತದೆ. ಜಗತ್ತಿನ ಅತಿ ಉಪ್ಪಿನ ಸಮುದ್ರಗಳಲ್ಲಿ ಒಂದೆನಿಸಿದ ಕೆಂಪು ಸಮುದ್ರದಲ್ಲೂ ಅದು 40ರ ಆಸುಪಾಸು.

ಪಣಂಬೂರಿನ ಕಡಲ ದಡದಿಂದ ಕ್ಯಾನಿನಲ್ಲಿ ತಂದ ನೀರಾದರೆ ಅಸಲಿ ಕಡಲೇ ಅಲ್ಲವೇ ಎಂದೂ ಅವರು ಕೇಳಿದ್ದಾರೆ. ನೀರು ಬದಲಾಯಿಸಲು ಅದನ್ನು ಬಳಸುವುದು ಬೇರೆ ಚರ್ಚೆ. ಆವಿಯಾದಷ್ಟನ್ನು ಮತ್ತೆ ತುಂಬುವ ಟಾಪ್‌ಅಪ್‌ಗಂತೂ ಅದು ಸಲ್ಲದು. ಇನ್ನೊಂದು ಮಾತು: ನೇತ್ರಾವತಿ, ಫಲ್ಗುಣಿ ಎರಡೂ ಮಂಗಳೂರಿನಲ್ಲಿ ಕಡಲು ಸೇರುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಅವುಗಳ ಕೆಂಪು ನೀರು ಅಳಿವೆ ದಾಟಿ ಎಷ್ಟು ದೂರ ಹೋಗುತ್ತದೆಂದು ದಡದಲ್ಲಿ ನಿಂತವರಿಗೂ ಕಾಣುತ್ತದೆ. ಆಗ ದಡದಲ್ಲಿ ಮೊಗೆದದ್ದರಲ್ಲಿ ಕಡಲೆಷ್ಟು, ಘಟ್ಟದ ಮಳೆಯೆಷ್ಟು ಎಂದು ಅಳೆಯದೆ ಹೇಳಲಾಗದು.

ಮೂಡುಬಿದಿರೆಯ ನಿವೃತ್ತ ಮಾಸ್ಟ್ರೊಬ್ಬರು ಇದಕ್ಕಿಂತ ಚೂಪಾದ ಪ್ರಶ್ನೆ ಎತ್ತಿದ್ದಾರೆ. ಉಪ್ಪು ಹೋಗುವುದೇ ಇಲ್ಲ ಎನ್ನುತ್ತೀರಲ್ಲ, ಗಾಜಿನ ಅಂಚಿನಲ್ಲಿ, ವಯರಿನ ಮೇಲೆ, ಪಂಪಿನ ಪೈಪಿನಲ್ಲಿ ಬೆಳ್ಳಗೆ ಕಟ್ಟುವುದೇನು? ಮಾಸ್ಟ್ರು ಹೇಳಿದ್ದು ಸರಿ. ಗುಳ್ಳೆ ಒಡೆದಾಗ ಹಾರುವ ಹನಿ ಅಂಚಿನಲ್ಲಿ ಒಣಗಿ ಉಪ್ಪಾಗುತ್ತದೆ. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಬಟ್ಟಲಿನಿಂದ ನಾವು ಚೆಲ್ಲುವ ಕಂದು ನೀರಿನಲ್ಲೂ ಉಪ್ಪಿದೆ. ಹಾಗಾಗಿ ಸಿಹಿನೀರು ಮಾತ್ರ ತುಂಬುವ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಕಳೆದಾಗ ಉಪ್ಪಿನಂಶ ತುಸು ಇಳಿಯುತ್ತದೆ. ಆದರೆ ಇದು ಆವಿಯ ಲೆಕ್ಕವಲ್ಲ, ಸೋರಿಕೆಯ ಲೆಕ್ಕ. ನೀರು ಬದಲಾಯಿಸುವಾಗ ಹೊಸ ನೀರಿನಲ್ಲಿ ಒಂದು ಚಿಟಿಕೆ ಹೆಚ್ಚಿಗೆ ಬೆರೆಸಿ ಸರಿಪಡಿಸುವಂಥದ್ದು. ಅದನ್ನು ದಿನನಿತ್ಯದ ಟಾಪ್‌ಅಪ್‌ಗೆ ಸೇರಿಸಿದರೆ ಎರಡೂ ಕೆಡುತ್ತವೆ.

ಇಳಿದಿದೆಯೋ ಏರಿದೆಯೋ ಎಂದು ತಿಳಿಯಲು ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಬೇಕು. ಮುಳ್ಳು ಏರುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ನಾನು ನಂಬುವುದಿಲ್ಲ; ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಅದು ಸುಳ್ಳು ಹೇಳುತ್ತದೆ. ರಿಫ್ರಾಕ್ಟೋಮೀಟರನ್ನೂ ಬರಿಯ ಶುದ್ಧ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35ರ ಹತ್ತಿರ ಸರಿ ತೋರಿಸುತ್ತದೆಯೇ ಎಂದು ನೋಡಬೇಕು. ಅದಕ್ಕೆ ದುಬಾರಿ ದ್ರಾವಣ ಬೇಕಿಲ್ಲ. 963.5 ಗ್ರಾಂ ಆರ್‌ಒ ನೀರಿನಲ್ಲಿ 36.5 ಗ್ರಾಂ ಅಡುಗೆ ಉಪ್ಪು ಕರಗಿಸಿದರೆ ಬೆಳಕು ಅದರಲ್ಲಿ ಬಾಗುವುದು 35ರ ಕಡಲ ನೀರಿನಷ್ಟೇ. ತೂಕದ ಯಂತ್ರ ಮಾತ್ರ ಒಳ್ಳೆಯದಿರಲಿ.

ಇನ್ನು ಮುಚ್ಚಳದ ಪಕ್ಷದವರು. ಮೇಲೊಂದು ಗಾಜು ಹೊದಿಸಿ, ಆವಿಯೇ ಆಗದು, ನಿಮ್ಮ ಅಳತೆ ಗಿಳತೆ ಯಾವುದೂ ಬೇಡ ಎನ್ನುತ್ತಾರೆ. ಆವಿ ಕಡಿಮೆಯಾಗುವುದು ನಿಜ. ಆದರೆ ಆ ಆವಿ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ. ದಿನಕ್ಕೆ 2 ಲೀಟರ್ ಹೋಗುವ ತೊಟ್ಟಿಯಿಂದ ಆವಿ ಹೊತ್ತೊಯ್ಯುವುದು ಹಗಲೂ ರಾತ್ರಿ ಎಡೆಬಿಡದೆ ಉರಿಯುವ 55 ವಾಟಿನ ಬಲ್ಬೊಂದರ ಶಾಖವನ್ನು. ಪಂಪು, ಸ್ಕಿಮ್ಮರ್, ದೀಪ ಸೇರಿ ಆ ಗಾತ್ರದ ತೊಟ್ಟಿಯೊಳಗೆ ಬಿಡುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಮುಚ್ಚಳ ಹಾಕಿದರೆ ಅದೆಲ್ಲ ಹೋಗುವುದೆಲ್ಲಿಗೆ? ನೀರಿಗೇ. ಏಪ್ರಿಲಿನ ಸೆಕೆಯಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಅದರ ಮೇಲೆ ಇದೂ ಸೇರಿದರೆ ಮೀನಿನ ಪಾಡು ಊಹಿಸಿ. ಉಪ್ಪುನೀರು ಆಮ್ಲಜನಕವನ್ನು ಹಿಡಿದಿಡುವುದೇ ಕಡಿಮೆ, 28 ಡಿಗ್ರಿಯಲ್ಲಿ ಲೀಟರಿಗೆ ಆರೂವರೆ ಮಿಲಿಗ್ರಾಂನಷ್ಟು. ಬಿಸಿ ಏರಿದಂತೆ ಅದೂ ಇಳಿಯುತ್ತದೆ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಮುಚ್ಚಳದಡಿ ಸಿಕ್ಕಿಕೊಂಡು ಪಿಎಚ್ ಇಳಿಯುತ್ತದೆ.

ಮೀನು ಹಾರುತ್ತದಲ್ಲ ಎಂಬ ಅವರ ಇನ್ನೊಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಕಡಲ ಮೀನುಗಳಲ್ಲಿ ಹಾರುವ ಚಾಳಿಯವು ಬಹಳ, ಬೆಳಿಗ್ಗೆ ನೆಲದ ಮೇಲೆ ಒಣಗಿ ಸಿಗುತ್ತವೆ. ಅದಕ್ಕೆ ಮದ್ದು ಗಾಜಲ್ಲ, ಬಲೆ. ಕಿಟಕಿಗೆ ಹಾಕುವ ಸೊಳ್ಳೆಪರದೆಯ ಚೌಕಟ್ಟು ಸಾಕು. ನೈಲಾನಿನದಾಗಿರಲಿ, ಕಬ್ಬಿಣದ್ದು ಬೇಡ.

ಇದೇ ಪಕ್ಷದ ಇನ್ನೊಂದು ಗುಂಪಿನವರ ವಾದ ಬೇರೆ. ತುಳುನಾಡಿನ ಸೆಕೆಗೆ ಫ್ಯಾನ್ ಬೀಸಿ ನೀರು ತಂಪಾಗುವುದಿಲ್ಲ, ಗಾಳಿಯಲ್ಲೇ ನೀರು ತುಂಬಿದೆ, ಚಿಲ್ಲರ್ ಕೊಳ್ಳದೆ ವಿಧಿಯಿಲ್ಲ ಎನ್ನುತ್ತಾರೆ. ಅರ್ಧ ನಿಜ. ಬೀಸುವ ಗಾಳಿ ನೀರನ್ನು ಎಷ್ಟು ತಂಪಾಗಿಸಬಲ್ಲದು ಎಂಬುದಕ್ಕೆ ಒಂದು ತಳವಿದೆ: ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ. ಅದಕ್ಕಿಂತ ಕೆಳಗೆ ಯಾವ ಫ್ಯಾನೂ ಇಳಿಸಲಾರದು. 33 ಡಿಗ್ರಿ, ಶೇ. 60 ತೇವಾಂಶದ ಮಧ್ಯಾಹ್ನ ಆ ತಳ 26–27 ಡಿಗ್ರಿ. ಅದನ್ನೇ ಮುಟ್ಟುವುದಿಲ್ಲ, ಒಂದು ಒಂದೂವರೆ ಡಿಗ್ರಿ ಮೇಲೆ ನಿಲ್ಲುತ್ತದೆ. ಎಂದರೆ 30ರ ಆಸುಪಾಸಿಗೆ ಏರಲಿದ್ದ ತೊಟ್ಟಿ 28ರಲ್ಲಿ ನಿಂತೀತು. ಕೋಡಂಗಿ ಮೀನಿಗೆ, ಅಂದರೆ ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯ ಆ ಕ್ಲೌನ್ ಮೀನಿಗೆ, ಅಷ್ಟು ಸಾಕು. 25 ಡಿಗ್ರಿಯೇ ಬೇಕೆನ್ನುವವರು ಚಿಲ್ಲರ್ ಕೊಳ್ಳಲಿ. ಫ್ಯಾನ್ ಹಾಕಿದರೆ ದಿನದ ನಷ್ಟ 2 ಲೀಟರಿನಿಂದ 3, 4ಕ್ಕೆ ಏರುತ್ತದೆ ಎಂಬುದನ್ನು ಮರೆಯಬಾರದು, ಅಷ್ಟೇ. ಕಂಪ್ಯೂಟರಿನ ಸಣ್ಣ ಫ್ಯಾನಿಗೆ ಹಗಲೆಲ್ಲ ತಿರುಗಿದರೂ ಯೂನಿಟ್ಟಿನ ಹತ್ತನೇ ಒಂದು ಪಾಲೂ ಬೇಡ.

ಈಗ ಎಲ್ಲರೂ ಒಂದೇ ದನಿಯಲ್ಲಿ ಹೇಳಿದ, ಹಾಗಾಗಿ ತುಸು ನಿಧಾನವಾಗಿ ಬಿಡಿಸಬೇಕಾದ ಆಕ್ಷೇಪ. ಆವಿಯ ಚಿಂತೆ ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ನಮ್ಮೂರಲ್ಲಿ ಒದ್ದೆ ಬಟ್ಟೆಯೇ ಒಣಗುವುದಿಲ್ಲ, ತೊಟ್ಟಿಯ ನೀರು ಎಲ್ಲಿಂದ ಆರುತ್ತದೆ ಮಾರಾಯ್ರೆ, ಎಂದು ಬೆಳ್ತಂಗಡಿಯ ಗೆಳೆಯರು ನಗುತ್ತಾರೆ. ಚಳಿಗಾಲದಲ್ಲಂತೂ ಸೆಕೆಯೇ ಇಲ್ಲವಲ್ಲ!

ಬಟ್ಟೆಯ ಮಾತು ಬಂತಾದ್ದರಿಂದ ಅದನ್ನೇ ಹಿಡಿಯೋಣ. ಜಗಲಿಯ ಹಗ್ಗದ ಮೇಲೆ ಒಣಗದ ಬಟ್ಟೆ ಬಚ್ಚಲ ಒಲೆಯ ಮೇಲಿನ ಬಿದಿರಿಗೆ ಹಾಕಿದರೆ ಒಣಗುತ್ತದಲ್ಲ? ಗಾಳಿ ಎರಡೂ ಕಡೆ ಅದೇ. ಬಚ್ಚಲಲ್ಲಿ ಬಟ್ಟೆಗೆ ಕೆಳಗಿನಿಂದ ಬಿಸಿ ತಾಗುತ್ತದೆ. ತೊಟ್ಟಿಯ ಪಂಪು, ದೀಪಗಳೇ ಅದರ ಒಲೆ. ಹೊರಗೆ 25 ಡಿಗ್ರಿ ಇದ್ದರೂ ತೊಟ್ಟಿಯ ನೀರು 27ರಲ್ಲಿರುತ್ತದೆ.

ನೀರು ಆವಿಯಾಗುವ ಒತ್ತಡ ಎಷ್ಟಿದೆ ಎಂಬುದು ನೀರಿನ ಮೇಲ್ಮೈಯ ಆವಿಯೊತ್ತಡಕ್ಕೂ ಕೋಣೆಯ ಗಾಳಿಯಲ್ಲಿ ಆಗಲೇ ಇರುವ ಆವಿಯೊತ್ತಡಕ್ಕೂ ನಡುವಿನ ಅಂತರ. ಗಾಳಿಯ ತೇವಾಂಶ ಶೇಕಡಾ ಎಷ್ಟೆಂಬುದೊಂದನ್ನೇ ನೋಡಿ ತೀರ್ಪು ಕೊಡುವಲ್ಲೇ ಎಡವುತ್ತಾರೆ. ಮಿಜಾರಿನಲ್ಲಿ ಜುಲೈಯ ಒಂದು ದಿನ ಎಂದಿಟ್ಟುಕೊಳ್ಳಿ: ಗಾಳಿ 25 ಡಿಗ್ರಿ, ತೇವಾಂಶ ಶೇ. 90. ಅದರ ಆವಿಯೊತ್ತಡ 28–29 ಮಿಲಿಬಾರ್. 27 ಡಿಗ್ರಿಯ ನೀರಿನದು 35–36. ಅಂತರ ಏಳು. ಇನ್ನು ಏಪ್ರಿಲ್: ಗಾಳಿ 33 ಡಿಗ್ರಿ, ತೇವಾಂಶ ಶೇ. 60. ಸೆಕೆಯ ಗಾಳಿಯಾದ್ದರಿಂದ ಅದರಲ್ಲೇ 30 ಮಿಲಿಬಾರಿನಷ್ಟು ಆವಿ ತುಂಬಿದೆ. ನೀರು ಇಪ್ಪತ್ತೊಂಬತ್ತೂವರೆಗೆ ಬಿಸಿಯಾಗಿ 41ರಲ್ಲಿದೆ. ಅಂತರ ಹನ್ನೊಂದು. ಜನವರಿಯಲ್ಲಿ ಮಧ್ಯಾಹ್ನ 32 ಡಿಗ್ರಿ ಇದ್ದರೂ ಘಟ್ಟದ ಕಡೆಯಿಂದ ಬೀಸುವ ಒಣಗಾಳಿಯ ತೇವಾಂಶ ಶೇ. 45, ರಾತ್ರಿ 21 ಡಿಗ್ರಿ, ಶೇ. 80. ಹಗಲೋ ಇರುಳೋ, ಆ ಗಾಳಿಯ ಆವಿಯೊತ್ತಡ 20–21ರ ಮೇಲೇರುವುದಿಲ್ಲ. ನೀರು 27ರಲ್ಲೇ ಇದ್ದರೆ ಅಂತರ ಹದಿನೈದು.

ಹಾಗಾದರೆ ಫ್ಯಾನ್ ಹಾಕದ ತೊಟ್ಟಿಯಿಂದ ಅತಿ ಹೆಚ್ಚು ನೀರು ಹೋಗುವುದು ಮೈ ಬೆವರುವ ಏಪ್ರಿಲಿನಲ್ಲಲ್ಲ, ತುಟಿ ಒಡೆಯುವ ಜನವರಿಯಲ್ಲಿ. ನಮ್ಮ ಮೈಗೆ ಸೆಕೆ ಎನಿಸುವುದೇ ಬೆವರು ಆರದಿದ್ದಾಗ. ಹಾಗಿರುವಾಗ ಸೆಕೆಯನ್ನು ಆವಿಯ ಅಳತೆಗೋಲು ಮಾಡಿಕೊಳ್ಳುವುದು ತಲೆಕೆಳಗಾದ ಲೆಕ್ಕ. ಜುಲೈಯಲ್ಲೂ ನಷ್ಟ ಸೊನ್ನೆಯಲ್ಲ, ಜನವರಿಯ ಅರ್ಧಕ್ಕೆ ಹತ್ತಿರ. ಜನವರಿಯಲ್ಲಿ 2 ಲೀಟರ್ ಹೋಗುವ ತೊಟ್ಟಿಯಿಂದ ಮಳೆಗಾಲದಲ್ಲಿ ಒಂದು ಲೀಟರ್ ಹೋಗುತ್ತದೆ ಎಂದಿಟ್ಟುಕೊಂಡರೂ, ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ನೂರಿಪ್ಪತ್ತು ಲೀಟರ್. ಇಡೀ ತೊಟ್ಟಿಯ ಮುಕ್ಕಾಲು ಪಾಲು! ಉಪ್ಪುನೀರು ಸಿಹಿನೀರಿನಷ್ಟು ಬೇಗ ಆರುವುದಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಉಪ್ಪಿನಿಂದ ಆವಿಯೊತ್ತಡ ಕುಗ್ಗುವುದು ನೂರಕ್ಕೆ ಎರಡರಷ್ಟು. ಅಷ್ಟರಿಂದ ಯಾರ ಕೊಡವೂ ಉಳಿಯದು.

ಇದನ್ನು ನಂಬಬೇಕಿಲ್ಲ. ಗಾಜಿಗೆ ಒಂದು ತುಂಡು ಟೇಪು ಅಂಟಿಸಿ ಗೆರೆ ಎಳೆಯಿರಿ, ಮರುದಿನ ಅದೇ ಹೊತ್ತಿಗೆ ಗೆರೆಯವರೆಗೆ ತುಂಬಲು ಎಷ್ಟು ಹಿಡಿಯಿತೆಂದು ಅಳತೆಯ ಜಾಡಿಯಲ್ಲಿ ನೋಡಿ, ತಿಂಗಳಿಗೊಮ್ಮೆ ಬರೆದಿಡಿ. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ, ನಮ್ಮವರು ಸಂಪ್ ಎನ್ನುವುದು, ಇದ್ದರೆ ಗೆರೆಯನ್ನು ಮೇಲೆ ಎಳೆಯಬೇಡಿ. ಮೇಲಿನ ತೊಟ್ಟಿಯ ಮಟ್ಟ ತೂಬಿನ ಬಾಯಿಗೆ ಸಮನಾಗಿ ಯಾವಾಗಲೂ ಒಂದೇ ಇರುತ್ತದೆ. ಇಳಿಯುವುದು ಕೆಳಗೆ, ಪಂಪು ಇಟ್ಟ ಕೊನೆಯ ಕೋಣೆಯಲ್ಲಿ. ಮೇಲೆ ನೋಡಿ ನಮ್ಮ ನೀರು ಕಡಿಮೆಯೇ ಆಗಿಲ್ಲ ಎಂದು ಬೀಗಿದವರ ಪಂಪು ಗಾಳಿ ಎಳೆದು ಗೊರಗೊರ ಎನ್ನತೊಡಗಿದಾಗಲೇ ಗೊತ್ತಾಗುವುದು.

ಮುಂದಿನದು ನೀರಿನ ಮೂಲದ ಜಗಳ. ನಮ್ಮ ಬಾವಿ ನೀರಿಗೆ ಏನಾಗಿದೆ, ಊರೇ ಕುಡಿಯುತ್ತದೆ, ಆರ್‌ಒ ಅಂತ ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲುವ ಯಂತ್ರ ಯಾಕೆ? ಈ ಪ್ರಶ್ನೆಯಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ನ್ಯಾಯವೂ ಇದೆ. ಮುರಕಲ್ಲಿನ ನಡುವಿನ ನಮ್ಮ ಬಾವಿಗಳ ನೀರು ಮೆದು. ಬಯಲುಸೀಮೆಯ ಕೊಳವೆಬಾವಿಯಂತೆ ಪಾತ್ರೆಗೆ ಬಿಳಿ ಪದರ ಕಟ್ಟುವುದಲ್ಲ. ಲೀಟರಿಗೆ 100 ಮಿಲಿಗ್ರಾಂ ಕರಗಿದ ವಸ್ತು ಇದ್ದರೂ, ವರ್ಷಕ್ಕೆ 730 ಲೀಟರ್ ಸುರಿದಾಗ ಸೇರುವುದು 73 ಗ್ರಾಂ. ತೊಟ್ಟಿಯಲ್ಲಿ ಆಗಲೇ 5,600 ಗ್ರಾಂ ಉಪ್ಪಿರುವಾಗ ಇದು ಏನೂ ಅಲ್ಲ. ಹಾಗಾಗಿ ಕರಗಿದ ವಸ್ತುವನ್ನು ಅಳೆಯುವ ‘ಟಿಡಿಎಸ್’ ಪೆನ್ನು ಹಿಡಿದು ಹೆದರಿಸುವವರ ಮಾತನ್ನು ನಾನೂ ಪೂರ್ತಿ ಒಪ್ಪುವುದಿಲ್ಲ.

ತೊಂದರೆ ಒಟ್ಟು ಮೊತ್ತದಲ್ಲಿಲ್ಲ, ಅದರಲ್ಲಿ ಏನಿದೆ ಎಂಬುದರಲ್ಲಿ. ನೀರು ಬದಲಾಯಿಸದೆ ಬರಿದೆ ತುಂಬುತ್ತ ಹೋದರೆ, ಬಾವಿ ನೀರಿನಲ್ಲಿ ಏನಿದೆಯೋ ಅದು ವರ್ಷದಲ್ಲಿ ನಾಲ್ಕೂವರೆ ಪಟ್ಟು ದಟ್ಟವಾಗಿ ತೊಟ್ಟಿಯಲ್ಲಿ ಉಳಿಯುತ್ತದೆ. ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ 45 ಆಗುತ್ತದೆ, ಪಾಚಿಗೆ ಹಬ್ಬ. ಕುಡಿಯುವವನಿಗೆ ಹಾಗಲ್ಲ, ಕುಡಿದದ್ದು ಹೊರಗೂ ಹೋಗುತ್ತದೆ. ಊರೇ ಕುಡಿಯುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ತಾಮ್ರದ ವಿಷಯಕ್ಕೆ ಬಂದರೆ ನಮ್ಮ ಭಾಗದವರು ಉಳಿದವರಿಗಿಂತ ಎಚ್ಚರವಾಗಿರಬೇಕು. ಕೊಳೆರೋಗಕ್ಕೆಂದು ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಆ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. ಎಂದರೆ ದ್ರಾವಣದ ಲೀಟರಿಗೆ ಎರಡೂವರೆ ಗ್ರಾಂ. ಎರಡು ಚಹಾ ಚಮಚದಷ್ಟು ದ್ರಾವಣದ ತಾಮ್ರವೆಲ್ಲ ನಮ್ಮ 160 ಲೀಟರಿನಲ್ಲಿ ಕರಗಿದರೆ ಲೀಟರಿಗೆ 0.15 ಮಿಲಿಗ್ರಾಂ ದಾಟುತ್ತದೆ. ಮೀನಿನ ಮೈಮೇಲಿನ ಬಿಳಿಚುಕ್ಕೆ ರೋಗದ ಪರೋಪಜೀವಿ ಕೊಲ್ಲಲು ಬೇರೆ ತೊಟ್ಟಿಯಲ್ಲಿ ಇಟ್ಟು ಕೊಡುವ ತಾಮ್ರದ ಪ್ರಮಾಣ ಶುರುವಾಗುವುದೇ ಅಲ್ಲಿಂದ. ಸಿಗಡಿ, ಬಸವನಹುಳು, ನಕ್ಷತ್ರಮೀನು ಅದಕ್ಕೆ ಮೊದಲೇ ಸಾಯುತ್ತವೆ. ತೋಟದ ಪಕ್ಕದ ಬಾವಿಗೆಲ್ಲ ತಾಮ್ರ ಇಳಿದಿದೆ ಎಂದು ನಾನು ಹೇಳುತ್ತಿಲ್ಲ, ಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಮದ್ದು ಬಿಟ್ಟ ಕೈಯಲ್ಲಿ, ಆ ಬಾಲ್ದಿಯಲ್ಲಿ, ಸಿಂಪರಣೆಯ ಹನಿ ಕೂತ ಮಾಡಿನಲ್ಲಿ ಉಳಿದ ತಾಮ್ರವನ್ನು ಹಾಗೆ ಹಿಡಿದಿಡಲು ಮಣ್ಣಿಲ್ಲ. ತೋಟಕ್ಕೊಂದು, ತೊಟ್ಟಿಗೊಂದು ಬಾಲ್ದಿ ಎಂಬ ನಿಯಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಹಾಗಾದರೆ ಮಳೆನೀರು? ಬೆಳ್ತಂಗಡಿಯವರ ಈ ಸಲಹೆಯನ್ನು ಸಂತೋಷದಿಂದ ಒಪ್ಪುತ್ತೇನೆ, ಷರತ್ತುಗಳೊಡನೆ. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ. ಒಂದು ಚದರ ಮೀಟರ್ ಪ್ಲಾಸ್ಟಿಕ್ ಹಾಳೆಗೆ ಬಿದ್ದದ್ದನ್ನು ಹಿಡಿದರೂ ಸಾವಿರ ಲೀಟರ್! ನವೆಂಬರಿನಿಂದ ಮೇ ಕೊನೆಯವರೆಗೆ ತೊಟ್ಟಿಗೆ ಬೇಕಾದದ್ದು 420 ಲೀಟರ್, ಎಂದರೆ ಎರಡು ದೊಡ್ಡ ಡ್ರಮ್ಮಿನ ಮೇಲೆ ತುಸು. ಮೊದಲ ಮಳೆಗಳನ್ನು ಹಿಡಿಯಬೇಡಿ, ಹಂಚಿನ ಮಾಡಿನಿಂದ ಇಳಿದದ್ದನ್ನೂ ಬೇಡ. ಅಂಗಳದ ನಡುವೆ ಕಟ್ಟಿದ ಹಾಳೆಯಿಂದ ನೇರ ಹಿಡಿಯಿರಿ, ಮದ್ದು ಬಿಡುವ ದಿನಗಳಲ್ಲಿ ಹಾಳೆ ಮಡಚಿಡಿ, ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ, ಬೆಳಕು ಬೀಳದ ಡ್ರಮ್ಮಿನಲ್ಲಿ ಸೊಳ್ಳೆ ನುಸುಳದಂತೆ ಮುಚ್ಚಿಡಿ. ಇಷ್ಟು ಮಾಡಲಾಗದವರು ಆರ್‌ಒ ಯಂತ್ರಕ್ಕೇ ಹೋಗುವುದು ಒಳ್ಳೆಯದು; ಹೊರಗೆ ಬಿಡುವ ನೀರು ಬಾಳೆಯ ಬುಡಕ್ಕೆ ಹೋಗಲಿ. ಒಂದು ಸೂಕ್ಷ್ಮ: ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಖನಿಜ ಬೆರೆಸುವ ಒಂದು ಕೊಳವೆಯೋ, ಕಚ್ಚಾ ನೀರನ್ನೇ ಸ್ವಲ್ಪ ಕೂಡಿಸುವ ತಿರುಪೋ ಇರುತ್ತದೆ. ತೊಟ್ಟಿಗೆ ಬೇಕಾದ ನೀರನ್ನು ಅದಕ್ಕೆ ಮೊದಲೇ ತೆಗೆಯುವಂತೆ ಮೆಕ್ಯಾನಿಕ್‌ಗೆ ಹೇಳಿ.

ಎಸಿಯಿಂದ ತೊಟ್ಟಿಕ್ಕುವ ನೀರೂ ಶುದ್ಧವೇ ಅಲ್ಲವೇ ಎಂದ ಎಂಜಿನಿಯರಿಂಗ್ ಕಾಲೇಜಿನ ಹುಡುಗರೇ, ಅದು ಹರಿದು ಬರುವ ದಾರಿಯಲ್ಲಿ ತಾಮ್ರದ ಕೊಳವೆಯಿದೆ, ಧೂಳಿದೆ, ತೊಳೆದ ರಾಸಾಯನಿಕವಿದೆ. ಬೇಡ.

ವಾರಕ್ಕೊಮ್ಮೆ ಒಟ್ಟಿಗೆ ತುಂಬಿದರಾಗದೇ, ದಿನದಿನವೂ ಯಾರು ನೋಡುತ್ತಾರೆ ಎಂಬುದು ಬಿಡುವಿಲ್ಲದವರ ಪ್ರಶ್ನೆ. ವಾರದಲ್ಲಿ 14 ಲೀಟರ್ ಹೋದರೆ ಉಳಿದದ್ದು 146. ಉಪ್ಪಿನಂಶ 38 ದಾಟುತ್ತದೆ. ಭಾನುವಾರ 14 ಲೀಟರ್ ಸುರಿದಾಗ ಕೆಲವೇ ನಿಮಿಷಗಳಲ್ಲಿ ಮತ್ತೆ 35ಕ್ಕೆ ಇಳಿಯುತ್ತದೆ. ಅಳಿವೆಯ ಕಾಣೆ ಮೀನು ಇದಕ್ಕಿಂತ ಹೆಚ್ಚಿನ ಏರಿಳಿತ ತಾಳುತ್ತದಲ್ಲ ಎನ್ನುತ್ತಾರೆ. ತಾಳುತ್ತದೆ, ಅದರ ಬದುಕೇ ಅಲ್ಲಿ. ಮೂಳೆಯಿರುವ ಕಡಲ ಮೀನಿನ ರಕ್ತದಲ್ಲಿ ಉಪ್ಪಿರುವುದು ಸಮುದ್ರದ ಮೂರನೇ ಒಂದು ಪಾಲು. ಅದು ಕಡಲ ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತ ಬದುಕುತ್ತದೆ. ತುಸು ಕಷ್ಟಪಟ್ಟಾದರೂ ಹೊಂದಿಕೊಳ್ಳುತ್ತದೆ. ಸಿಗಡಿ, ನಕ್ಷತ್ರಮೀನು, ಕಡಲಹೂವುಗಳಿಗೆ ಆ ಅನುಕೂಲವಿಲ್ಲ. ಹೊರಗಿನ ನೀರಿನ ಏರಿಳಿತ ಬಹುಮಟ್ಟಿಗೆ ಅವುಗಳ ಮೈಯೊಳಗಿನ ಏರಿಳಿತವೂ ಹೌದು. ವಾರವಾರವೂ ಹಿಗ್ಗಿ ಕುಗ್ಗಿದ ನಕ್ಷತ್ರಮೀನು ಒಂದು ದಿನ ತುದಿಯಿಂದ ಕರಗತೊಡಗುತ್ತದೆ, ಯಜಮಾನ ಅಂಗಡಿಯವನನ್ನು ಬೈಯುತ್ತಾನೆ. ಹವಳದ ಮಾತೆತ್ತಿದವರಿಗೆ ಒಂದು ಎಚ್ಚರಿಕೆ: ದಿಬ್ಬ ಕಟ್ಟುವ ಹವಳಗಳೂ ಕಡಲಕುದುರೆಯೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೇತ್ರಾಣಿ ದ್ವೀಪದ ಬಳಿ ಮುಳುಗು ಹಾಕುವವರು ನೋಡಿ ಬರಲಿ, ಕಿತ್ತು ತರುವುದು ಬೇಡ.

ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲದ ಊರಿನಲ್ಲಿ ಇದೆಂಥ ಶೋಕಿ ಎಂದವರು 2019ರ ಮೇ ತಿಂಗಳು ನೆನಪಿಸಿದ್ದಾರೆ. ತುಂಬೆ ಅಣೆಕಟ್ಟೆ ಬತ್ತಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟದ್ದು ನನಗೂ ನೆನಪಿದೆ. ಆದರೆ ದಿನಕ್ಕೆ 2 ಲೀಟರ್, ಕಕ್ಕಸಿನ ಫ್ಲಷ್ ಒಮ್ಮೆ ಎಳೆದರೆ ಹೋಗುವುದಕ್ಕಿಂತ ಕಡಿಮೆ. ಅದನ್ನೂ ಜುಲೈಯಲ್ಲೇ ಹಿಡಿದಿಟ್ಟುಕೊಂಡವನ ಮೇಲೆ ಈ ಆರೋಪ ನಿಲ್ಲದು.

ಇನ್ನೊಬ್ಬರು ಬುದ್ಧಿವಂತರು. ಸಿಹಿನೀರನ್ನೇ ತುಂಬಬೇಕಾದರೆ ಅದರಲ್ಲಿ ಎಲೆಅಡಿಕೆಯ ಸುಣ್ಣ ಕಲಸಿ ಹಾಕಿದರೆ ಚಿಪ್ಪಿನ ಜೀವಿಗಳಿಗೆ ಕ್ಯಾಲ್ಸಿಯಮ್ಮೂ ಸಿಗುತ್ತದಲ್ಲ ಎನ್ನುತ್ತಾರೆ. ಉಪಾಯವೇನೋ ಸರಿಯೇ, ಪಳಗಿದವರು ಆವಿಯಾದ ನೀರಿನ ಜಾಗಕ್ಕೆ ಸುಣ್ಣದ ತಿಳಿ ಬಿಡುವುದುಂಟು. ಆದರೆ ಆ ತಿಳಿಯ ಪಿಎಚ್ 12ಕ್ಕೂ ಮೇಲೆ. ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಚಿಲ್ಲರೆ, ಉಳಿದದ್ದು ತಳದ ಗಸಿ. ರಾತ್ರಿ ಹೊತ್ತು ಹನಿಹನಿಯಾಗಿ ಬಿಡಬೇಕು, ಗಸಿ ಹೋಗಬಾರದು, ಸುಣ್ಣ ಶುದ್ಧವಿರಬೇಕು. ಸಂತೆಯಿಂದ ತಂದ ಚಿಪ್ಪಿನ ಸುಣ್ಣದಲ್ಲಿ ಇನ್ನೇನಿದೆಯೆಂದು ಬಾಯಿಗೆ ಲೆಕ್ಕವಿಲ್ಲ, ತೊಟ್ಟಿಗಿದೆ. ಟಾಪ್‌ಅಪ್ ಇನ್ನೂ ಕೈಗೆ ಹತ್ತದವರು ಇದಕ್ಕೆ ಇಳಿಯುವುದು ಬೇಡ.

ಕೊನೆಗೆ ಯಂತ್ರದವರು. ಆಟೋ ಟಾಪ್‌ಅಪ್ ಹಾಕಿದರಾಯಿತು, ಈ ಟೇಪು, ಜಾಡಿ, ಗೆರೆ ಎಲ್ಲ ಅಜ್ಜನ ಕಾಲದ್ದು! ನಾನು ಯಂತ್ರದ ವೈರಿಯಲ್ಲ. ದಿನಕ್ಕೆ ಹತ್ತಾರು ಬಾರಿ ಒಂದೊಂದು ಲೋಟ ಹಾಕುವ ತಾಳ್ಮೆ ಯಂತ್ರಕ್ಕಲ್ಲದೆ ಮನುಷ್ಯನಿಗಿಲ್ಲ. ಆದರೆ ಅದಕ್ಕೆ ಕೆಡುವ ದಾರಿಗಳೂ ಹಲವು. ತೇಲುವ ಚೆಂಡಿನಡಿ ಬಸವನಹುಳು ಕೂತರೆ ನೀರು ಬರುವುದೇ ನಿಲ್ಲುತ್ತದೆ, ಮೇಲೆ ಕೂತರೆ ಬರುವುದು ನಿಲ್ಲುವುದಿಲ್ಲ. ಬೆಳಕಿನ ಸೆನ್ಸರಿಗೆ ಪಾಚಿ ಹತ್ತಿದರೂ ಅದೇ ಪಾಡು. ಡ್ರಮ್ಮಿನಿಂದ ಬರುವ ಪೈಪಿನ ತುದಿ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪಂಪು ನಿಂತ ಮೇಲೂ ನೀರು ತಾನಾಗಿ ಎಳೆದುಕೊಂಡು ಬರುತ್ತಲೇ ಇರುತ್ತದೆ. ತುದಿ ಯಾವಾಗಲೂ ಆ ಮಟ್ಟಕ್ಕಿಂತ ಮೇಲಿರಬೇಕು. ಗಾಳಿಮಳೆಗೆ ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮೂರಿನಲ್ಲಿ ಇನ್ನೊಂದು ತಮಾಷೆ: ದೊಡ್ಡ ಪಂಪು ನಿಂತಾಗ ಮೇಲಿನ ನೀರು ಸಂಪಿಗೆ ಇಳಿಯುತ್ತದೆ, ಅಷ್ಟನ್ನು ಹಿಡಿಯುವ ಖಾಲಿ ಜಾಗ ಅಲ್ಲಿ ಬಿಟ್ಟಿರದಿದ್ದರೆ ನಿಮ್ಮ ಅಳತೆಯ ಉಪ್ಪುನೀರು ನೆಲದ ಮೇಲೆ. ಇನ್ವರ್ಟರಿಗೆ ಆಟೋ ಟಾಪ್‌ಅಪ್ ಜೋಡಿಸಿ ದೊಡ್ಡ ಪಂಪನ್ನು ಬಿಟ್ಟವರೂ, ದೊಡ್ಡ ಪಂಪನ್ನು ಜೋಡಿಸಿ ಇದನ್ನು ಬಿಟ್ಟವರೂ ಇದ್ದಾರೆ. ಎರಡನ್ನೂ ಒಂದೇ ಪ್ಲಗ್ಗಿಗೆ ಕೊಡಿ, ನಿಂತರೆ ಎರಡೂ ನಿಲ್ಲಲಿ.

ಯಂತ್ರಕ್ಕೆ ದೊಡ್ಡ ಡ್ರಮ್ ಜೋಡಿಸಿ ಒಂದು ತಿಂಗಳು ನೋಡುವುದೇ ಬೇಡ ಎನ್ನುವ ಆಸೆ ಬಿಡಿ. 10 ಲೀಟರಿನ ಕ್ಯಾನ್ ಇಟ್ಟರೆ, ಯಂತ್ರ ಕೆಟ್ಟು ಅಷ್ಟನ್ನೂ ಒಮ್ಮೆಗೇ ಸುರಿದರೂ ಉಪ್ಪಿನಂಶ 35ರಿಂದ 33ಕ್ಕೆ ಇಳಿಯುತ್ತದೆ, ಮೀನು ಬದುಕುತ್ತದೆ. 50 ಲೀಟರಿನ ಡ್ರಮ್ ಇಟ್ಟರೆ 27ಕ್ಕೆ. ದೈವದ ನೇಮಕ್ಕೋ ಮದುವೆಗೋ ಊರು ಬಿಡುವವರು ಎರಡು ಲೀಟರಿನ ಬಾಟಲಿಗಳನ್ನು ತುಂಬಿ, ಒಂದೊಂದರ ಮೇಲೂ ವಾರದ ಹೆಸರು ಬರೆದು, ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಲಿ. ಮೀನಿನ ತಿಂಡಿಯ ಡಬ್ಬಿಯನ್ನು ಮಾತ್ರ ಅಡಗಿಸಿಡಿ; ಪಕ್ಕದ ಮನೆಯವರು ದಯಾಳುಗಳು.